ತಿರುಗಿಸಿ ನೋಡುವ ನಕ್ಷೆ



ಕೆಲವು ವರ್ಷಗಳ ಹಿಂದೆ ನಮ್ಮ ವಿಜ್ಞಾನ ಕಾರ್ಯಕ್ರಮವೊಂದರಲ್ಲಿ ಮೂರು ಆಯಾಮದ ನಕ್ಷೆಯೊಂದನ್ನು ತೆರೆಯ ಮೇಲೆ ತೋರಿಸಿದೆವು. ಗುಡ್ಡದಂತೆ ಏರಿ ಇಳಿಯುವ ಮೇಲ್ಮೈ ಅದು. ಅದರ ಅತಿ ತಗ್ಗಿನ ಬಿಂದು ಮುಂಭಾಗದಲ್ಲಿದೆ ಎಂದು ನಿರೂಪಕರು ಹೇಳಿದರು. ಪ್ರಸಾರವಾದ ವಾರದಲ್ಲೇ ವಿದ್ಯಾರ್ಥಿನಿಯೊಬ್ಬಳ ಕಾಗದ ಬಂತು: ‘ಗುಡ್ಡದ ಆಚೆ ಏನಿದೆ, ಸರ್?’ ನಮ್ಮಲ್ಲಿದ್ದುದು ಒಂದೇ ಕೋನದ ಚಿತ್ರ. ಉತ್ತರ ಬರೆಯಲಾಗಲಿಲ್ಲ.

ಈ ತೊಡಕು ಬಹಳ ಹಳೆಯದು. ಒಂದು ವಸ್ತುವಿನ ಗಾತ್ರ, ಎಂಟ್ರೊಪಿ ಮತ್ತು ಶಕ್ತಿಯನ್ನು ಮೂರು ಅಕ್ಷಗಳ ಮೇಲೆ ಗುರುತಿಸಿದರೆ ಒಂದು ಮೇಲ್ಮೈ ದೊರೆಯುತ್ತದೆ ಎಂದು 1873ರಲ್ಲಿ ಅಮೆರಿಕದ ಯೇಲ್‌ನಲ್ಲಿದ್ದ ವಿಲ್ಲರ್ಡ್ ಗಿಬ್ಸ್ ತೋರಿಸಿದರು. ಘನ, ದ್ರವ, ಅನಿಲ ಸ್ಥಿತಿಗಳೆಲ್ಲ ಅದರ ಬೇರೆ ಬೇರೆ ಭಾಗಗಳು. ಆದರೆ ಓದುಗರು ಆ ಆಕಾರವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕಿತ್ತು. ಕೇಂಬ್ರಿಜ್‌ನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರಿಗೆ ಅಷ್ಟು ಸಾಲಲಿಲ್ಲ. 1874ರಲ್ಲಿ ಅವರು ನೀರಿನಂತಹ ಕಲ್ಪಿತ ವಸ್ತುವೊಂದರ ಮೇಲ್ಮೈಯನ್ನು ಜೇಡಿಮಣ್ಣಿನಲ್ಲಿ ರೂಪಿಸಿ, ಪ್ಲಾಸ್ಟರ್ ಅಚ್ಚು ತೆಗೆಸಿ, ಒಂದನ್ನು ಗಿಬ್ಸ್ ಅವರಿಗೆ ಕಳುಹಿಸಿದರು. ಇನ್ನೂ ಸೊಗಸಾದ ಸಂಗತಿಯೆಂದರೆ, ಅವರು ಮಾದರಿಯನ್ನು ಬಿಸಿಲಿಗೆ ಹಿಡಿದು, ಕಿರಣಗಳು ಮೇಲ್ಮೈಯನ್ನು ಸವರಿಕೊಂಡು ಹೋಗುವ ಬಿಂದುಗಳ ಗುಂಟ ಗೆರೆ ಎಳೆದರು. ಒಂದು ದಿಕ್ಕಿಗೆ ತಿರುಗಿಸಿ ಹಿಡಿದರೆ ಸಮತಾಪದ ಗೆರೆ, ಇನ್ನೊಂದು ದಿಕ್ಕಿಗೆ ಹಿಡಿದರೆ ಸಮಒತ್ತಡದ ಗೆರೆ! ಏಕೆಂದರೆ ಇಲ್ಲಿ ಎಂಟ್ರೊಪಿಯ ದಿಕ್ಕಿನ ಇಳಿಜಾರು ತಾಪವನ್ನೂ, ಗಾತ್ರದ ದಿಕ್ಕಿನ ಇಳಿಜಾರು ಒತ್ತಡವನ್ನೂ ಸೂಚಿಸುತ್ತದೆ. ಕೈಯಲ್ಲಿ ತಿರುಗಿಸದೆ ಇದು ಸಾಧ್ಯವಿತ್ತೇ?

ಗಣಕಯಂತ್ರ ಬಂದ ಮೇಲೆ ಎಲ್ಲವೂ ಸುಲಭವಾಯಿತು ಎಂದುಕೊಳ್ಳಬೇಡಿ. 1970ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್‌ನ ರೇಖೀಯ ವೇಗವರ್ಧಕ ಕೇಂದ್ರದಲ್ಲಿ ಜಾನ್ ಟ್ಯೂಕಿ ಮತ್ತು ಸಂಗಡಿಗರು ‘ಪ್ರಿಮ್-9’ ಎಂಬ ವ್ಯವಸ್ಥೆ ರಚಿಸಿ, ದತ್ತಾಂಶದ ಚುಕ್ಕೆಗಳನ್ನು ತೆರೆಯ ಮೇಲೆ ತಿರುಗಿಸಿದರು. ಅದಕ್ಕೆ ಬೃಹತ್ ಯಂತ್ರವೇ ಬೇಕಿತ್ತು. ಅದನ್ನು ವಿವರಿಸಲು ಒಂದು ಚಲನಚಿತ್ರವನ್ನೂ ತಯಾರಿಸಿದರು. ನಮ್ಮ ವೃತ್ತಿಯವರಿಗೆ ಸಂತೋಷವೇ. ಆದರೂ ಚಿತ್ರದಲ್ಲಿ ನಕ್ಷೆ ತಿರುಗುವುದು ತಯಾರಿಸಿದವರ ಇಚ್ಛೆಯಂತೆ, ನೋಡುಗ ಕೇಳಿದಂತೆ ಅಲ್ಲ.

1987ರಲ್ಲಿ ಪವರ್‌ಪಾಯಿಂಟ್ ಬಂದ ಮೇಲೂ ಸ್ಲೈಡಿಗೆ ಅಂಟಿಸುತ್ತಿದ್ದುದು ಸ್ಥಿರಚಿತ್ರವನ್ನೇ. 2005ರ ಹೊತ್ತಿಗೆ ಪಿಡಿಎಫ್ ಕಡತದೊಳಗೆ ಮೂರು ಆಯಾಮದ ಆಕೃತಿಗಳನ್ನು ಸೇರಿಸುವುದು ಸಾಧ್ಯವಾಯಿತು. ಎಲ್ಲ ತಂತ್ರಾಂಶಗಳಲ್ಲಿ ಅವು ತೆರೆಯುತ್ತಿರಲಿಲ್ಲ, ಅಷ್ಟೆ. 2011ರಲ್ಲಿ ವೆಬ್‌ಜಿಎಲ್ ಬಂದ ಮೇಲೆ ಬ್ರೌಸರ್‌ಗೇ ಆ ಶಕ್ತಿ ದೊರೆಯಿತು. ಸ್ಲೈಡನ್ನೇ ವೆಬ್ ಪುಟವಾಗಿ ಬರೆದರೆ ಅದರಲ್ಲಿರುವುದು ಚಿತ್ರವಲ್ಲ, ಬಿಂದುಗಳ ಅಂಕಿಗಳು. ಮೌಸ್ ಎಳೆದಾಗಲೆಲ್ಲ ಗ್ರಾಫಿಕ್ಸ್ ಸಂಸ್ಕಾರಕವು ಹೊಸ ಕೋನಕ್ಕೆ ಲೆಕ್ಕ ಹಾಕಿ ಆಕೃತಿಯನ್ನು ಪುನಃ ಬರೆಯುತ್ತದೆ. (ಸೆಮಿನಾರಿಗೆ ಹೋಗುವವರು ಬೇಕಾದ ಲೈಬ್ರರಿಯನ್ನು ಕಡತದೊಳಗೇ ಸೇರಿಸಿಕೊಳ್ಳಿ; ಸಭಾಂಗಣದ ಅಂತರ್ಜಾಲವನ್ನು ನಂಬಬೇಡಿ.)

ಈಚೆಗೆ ನಮ್ಮ ಆ ಹಳೆಯ ಅಂಕಿಗಳನ್ನು ಹೀಗೆಯೇ ಸ್ಲೈಡಿನಲ್ಲಿ ಹಾಕಿ ತಿರುಗಿಸಿ ನೋಡಿದೆ. ಗುಡ್ಡದ ಆಚೆ, ನಾವು ತೋರಿಸಿದ ತಗ್ಗಿಗಿಂತ ಆಳವಾದ ಹಳ್ಳವಿತ್ತು. ಪಾಠವನ್ನು ತಿದ್ದಿ ಮತ್ತೆ ಚಿತ್ರೀಕರಿಸಿದೆವು.