ಗುಂಡಿಗಿ ನಿಂತಿತ್ತೇನು? (ಭಾಗ 4)

"ಯೋಗಿ ಗುಂಡಿಗೀನ ನಿಲ್ಲಿಸಿದ" ಅನ್ನೋ ಕಥಿ ಕೇಳಿರ್ತೀರಿ. ಅದರ ಖರೇ ಇತಿಹಾಸ ಮೈಸೂರಿಗೂ ತಾಗ್ತೈತಿ.

1935. ಫ್ರಾನ್ಸಿನ ಹೃದಯ ವೈದ್ಯೆ ತೆರೇಸ್ ಬ್ರೋಸ್ ಇಸಿಜಿ ಯಂತ್ರದೊಂದಿಗೆ ಭಾರತಕ್ಕೆ ಬಂದರು. ಪರೀಕ್ಷೆಗೆ ಕುಳಿತವರಲ್ಲಿ ಟಿ. ಕೃಷ್ಣಮಾಚಾರ್ಯರೂ ಒಬ್ಬರು. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಯೋಗಶಾಲೆ ನಡೆಸುತ್ತಿದ್ದವರು. ಬಡಿತ ನಿಂತಂತೆ ಕಂಡಿತು!

1957ರಲ್ಲಿ ವೆಂಗರ್ ಮತ್ತು ಬಾಗ್ಚಿ ಬಂದು ಇಂಥ ಯೋಗಿಗಳನ್ನು ಮತ್ತೆ ಪರೀಕ್ಷಿಸಿದರು. ದೆಹಲಿಯ ಬಿ. ಕೆ. ಆನಂದ್ ಜೊತೆ 1961ರಲ್ಲಿ ಉತ್ತರ ಪ್ರಕಟಿಸಿದರು: ಗುಂಡಿಗೆ ನಿಂತಿರಲಿಲ್ಲ. ಉಸಿರು ಕಟ್ಟಿ ಎದೆ ಬಿಗಿದಾಗ ಗುಂಡಿಗೆಗೆ ಮರಳುವ ರಕ್ತ ಕಡಿಮೆಯಾಗಿ, ಕೈಗೆ ನಾಡಿ ಸಿಗುತ್ತಿರಲಿಲ್ಲ, ಅಷ್ಟೇ.

ಪವಾಡ ಹೋತು, ಪಾಠ ಉಳೀತು. ಉಸಿರು ಬದಲಾದ್ರ ಬಡಿತಾನೂ ಬದಲಾಗ್ತೈತಿ.

1969ರಲ್ಲಿ ಅಮೆರಿಕದ ಸಂಶೋಧಕರು ಸಂಘ ಕಟ್ಟಿದಾಗ 'ಬಯೋಫೀಡ್‌ಬ್ಯಾಕ್' ಎಂಬ ಹೆಸರು ನೆಲೆಗೊಂಡಿತು. ಬೆರಳಿಗೆ ಸೆನ್ಸರ್, ಎದುರಿಗೆ ಪರದೆ. ನಿಮಿಷಕ್ಕೆ ಸುಮಾರು 6 ಸಲ ನಿಧಾನಕ್ಕೆ ಉಸಿರಾಡಿದರೆ ಬಡಿತದ ಗೆರೆ ಅಲೆಯಂತೆ ಏರಿಳಿಯುತ್ತದೆ. ಅದನ್ನು ಕಣ್ಣಾರೆ ನೋಡ್ತಾ ಮನಸ್ಸು ತಣ್ಣಗ ಮಾಡ್ಕೊಳ್ಳೋದು ಕಲಿಯೋದು.

ನಮ್ಮ ಕಲ್ಲೋಳಿಯಾಗ ಅಜ್ಜಿ "ಎದಿ ಢವಢವ ಅಂತೈತಿ" ಅಂದ್ರ "ವಯಸ್ಸಾತು ಬಿಡ ಆಯಿ" ಅಂತೀವಿ. ಬಿಡಬ್ಯಾಡ್ರಿ. ಮೊದಲು ಡಾಕ್ಟರಿಗೆ ತೋರಸ್ರಿ. ಗುಂಡಿಗಿ ಚಲೋ ಐತಿ ಅಂದ ಮ್ಯಾಲೂ ಕಳವಳ ಉಳದ್ರ, ಅದೂ ಖರೇನ ತ್ರಾಸು. ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿ ಕೊಡ್ರಿ, ಕನ್ನಡದಾಗ ಮಾತಾಡ್ತಾರ. ಆಮ್ಯಾಲೆ ಬಾಜೂಕ ಕುಂತು ಆಯಿ ಜೋಡಿ ನೀವೂ ನಿಧಾನಕ್ಕ ಉಸಿರಾಡ್ರಿ.

#ಕಲ್ಲೋಳಿ #ಇತಿಹಾಸ