ಧರಸೇನಾಚಾರ್ಯರ ಶಿಷ್ಯವಾತ್ಸಲ್ಯ

ಗುರುವಿನ ಕರುಣೆಯೆಂದರೆ ಶಿಷ್ಯನ ತಪ್ಪನ್ನು ಮನ್ನಿಸುವ ಮೃದುತ್ವವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಷಟ್ಖಂಡಾಗಮವು ಅವತರಿಸಿದ ಬಗೆಯನ್ನು ಅವಲೋಕಿಸಿದರೆ ಈ ಭಾವನೆ ಅಪೂರ್ಣವೆಂದು ತಿಳಿಯುತ್ತದೆ. ಧವಲಾ ಟೀಕೆಯೂ ಇಂದ್ರನಂದಿಯ ಶ್ರುತಾವತಾರವೂ ಆ ವೃತ್ತಾಂತವನ್ನು ನಮಗೆ ಉಳಿಸಿಕೊಟ್ಟಿವೆ.

ಕ್ರಿಸ್ತಶಕದ ಆದಿಭಾಗದಲ್ಲಿ ಸೌರಾಷ್ಟ್ರದ ಗಿರಿನಾರದ ಚಂದ್ರಗುಹೆಯಲ್ಲಿ ವೃದ್ಧರಾದ ಧರಸೇನಾಚಾರ್ಯರು ನೆಲೆಸಿದ್ದರು. ಬಾಯಿಂದ ಬಾಯಿಗೆ ಹರಿದುಬಂದ ಶ್ರುತವು ತಮ್ಮೊಡನೆಯೇ ಅಳಿದೀತೆಂಬ ಆತಂಕದಿಂದ ಅವರು ದಕ್ಷಿಣಾಪಥದ ಮುನಿಸಂಘಕ್ಕೆ ಪತ್ರ ಕಳುಹಿಸಿದರು. ಸಂಘವು ಇಬ್ಬರು ಸಮರ್ಥ ಮುನಿಗಳನ್ನು ಕಳುಹಿಸಿತು. ಮುಂದೆ ಪುಷ್ಪದಂತ, ಭೂತಬಲಿ ಎಂದು ಪ್ರಸಿದ್ಧರಾದವರು ಇವರೇ.

ಆಚಾರ್ಯರು ಒಬ್ಬರಿಗೆ ಅಕ್ಷರ ಹೆಚ್ಚಾದ, ಇನ್ನೊಬ್ಬರಿಗೆ ಅಕ್ಷರ ಕೊರತೆಯಾದ ಮಂತ್ರವನ್ನಿತ್ತು ಸಾಧಿಸಲು ಹೇಳಿದರು. ಪ್ರತ್ಯಕ್ಷರಾದ ದೇವಿಯರಲ್ಲಿ ಒಬ್ಬಳ ಹಲ್ಲು ಹೊರಚಾಚಿತ್ತು. ಇನ್ನೊಬ್ಬಳಿಗೆ ಒಂದೇ ಕಣ್ಣು. ಇದು ದೇವತೆಗಳ ಸಹಜರೂಪವಲ್ಲವೆಂದು ಅರಿತ ಶಿಷ್ಯರು, ಗುರುಗಳು ಕೊಟ್ಟದ್ದೆಂದು ಸುಮ್ಮನಿರದೆ, ಮಂತ್ರವನ್ನು ತಾವೇ ತಿದ್ದಿಕೊಂಡು ಜಪಿಸಿದರು. ಗುರುಗಳು ಮುನಿಯಲಿಲ್ಲ, ಸಂತುಷ್ಟರಾಗಿ ಪಾಠವನ್ನು ಆರಂಭಿಸಿದರು. ಶಿಷ್ಯನ ವಿವೇಕವನ್ನು ಗೌರವಿಸುವುದು ಕರುಣೆಯ ಮೊದಲ ಮೆಟ್ಟಿಲು.

ಆಷಾಢ ಶುಕ್ಲ ಏಕಾದಶಿಯಂದು ಪಾಠ ಮುಗಿಯಿತು. ಮಳೆಗಾಲ ಎದುರಿಗಿದ್ದರೂ ಆಚಾರ್ಯರು ಶಿಷ್ಯರನ್ನು ಬೀಳ್ಕೊಟ್ಟರು. ತಮ್ಮ ಅಂತ್ಯಕಾಲ ಸಮೀಪಿಸಿದೆ, ಅದನ್ನು ಕಂಡು ಶಿಷ್ಯರು ಕ್ಲೇಶಪಡಬಾರದು ಎಂಬುದೇ ಇಂದ್ರನಂದಿ ಹೇಳುವ ಕಾರಣ. ಶುಶ್ರೂಷೆ ಅತ್ಯಗತ್ಯವಾದ ವಯಸ್ಸಿನಲ್ಲಿ ಅದನ್ನು ಬಯಸದೆ ಬಿಟ್ಟುಕೊಟ್ಟದ್ದು ಕರುಣೆಯ ಎರಡನೆಯ ಮೆಟ್ಟಿಲು. ಗುರುವಚನವನ್ನು ಮೀರಲಾರದೆ ಶಿಷ್ಯರು ಅಂಕುಲೇಶ್ವರಕ್ಕೆ ತೆರಳಿ ವರ್ಷಾಯೋಗವನ್ನು ಕಳೆದರು.

ಈ ಗುಣ ಶಿಷ್ಯರಿಗೂ ಹರಿದು ಬಂದಿತು. ಪುಷ್ಪದಂತರು ನಮ್ಮ ಬನವಾಸಿ ನಾಡಿಗೆ ಬಂದು, ಜಿನಪಾಲಿತನಿಗೆ ದೀಕ್ಷೆಯಿತ್ತು, ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿ, ಅವನನ್ನು ಭೂತಬಲಿಗಳ ಬಳಿಗೆ ಕಳುಹಿಸಿದರು. ತಮ್ಮ ಆಯುಷ್ಯ ಅಲ್ಪವೆಂದು ತಿಳಿದಿದ್ದರೂ ಶಿಷ್ಯನನ್ನಾಗಲಿ ಗ್ರಂಥವನ್ನಾಗಲಿ ತಮ್ಮದೆಂದು ಹಿಡಿದಿಟ್ಟುಕೊಳ್ಳಲಿಲ್ಲ. ಭೂತಬಲಿಗಳು ಉಳಿದುದನ್ನು ಪೂರ್ಣಗೊಳಿಸಿದರು. ಆ ಸಿದ್ಧಾಂತದ ತಾಡವೋಲೆಗಳನ್ನು ಮೂಡುಬಿದಿರೆಯ ಬಸದಿ ಶತಮಾನಗಳ ಕಾಲ ಕಾಪಾಡಿತು. 1939ರಿಂದ ಅದು ಧವಲಾ ಟೀಕೆಯೊಡನೆ ಮುದ್ರಣಗೊಂಡು ಲೋಕಕ್ಕೆ ದೊರೆಯಿತು.

ಜ್ಯೇಷ್ಠ ಶುಕ್ಲ ಪಂಚಮಿಯಂದು ನಾವು ಶ್ರುತಪೂಜೆಯನ್ನು ಭಕ್ತಿಯಿಂದ ನೆರವೇರಿಸುತ್ತೇವೆ. ಪಾಠಶಾಲೆಗಳನ್ನು ನಡೆಸುವ ಬಸದಿಗಳ ಆಡಳಿತ ಮಂಡಳಿಗಳು ಅಂದು ಇನ್ನೊಂದು ವಿಚಾರವನ್ನೂ ಪರಾಮರ್ಶಿಸುವುದು ಉಚಿತ: ಪಾಠದಲ್ಲಿ ತಪ್ಪು ಕಂಡ ಬಾಲಕನು ಎದ್ದುನಿಂತು ಹೇಳಿದರೆ ನಮ್ಮ ಉಪಾಧ್ಯಾಯರು ಅವನನ್ನು ಗದರಿಸುವರೋ, ಧರಸೇನರಂತೆ ಸಂತೋಷಪಡುವರೋ? ಶ್ರುತವು ಮುಂದಿನ ತಲೆಮಾರಿಗೆ ಉಳಿಯುವುದು ಈ ಉತ್ತರವನ್ನು ಅವಲಂಬಿಸಿದೆ.