ಹಳೆಯ ಮೋಟಾರಿನ ಮೌನ

ಲೋಕಿಕೆರೆಯಾಗಲಿ ಬೇರಾವ ಹಳ್ಳಿಯಾಗಲಿ, ಹೊಲಕ್ಕೆ ನೀರೆತ್ತುವ ಹಳೆಯ ಎಣ್ಣೆ ಎಂಜಿನ್ನನ್ನು ಕಂಡ ವಾಚಕರು ಒಂದು ಸಂಗತಿಯನ್ನು ಬಲ್ಲರು: ಹಿಡಿ ಹಾಕಿ ತಿರುಗಿಸದ ಹೊರತು ಅದು ಉಸಿರಾಡದು. ಮೋಟಾರು ಗಾಡಿಯ ಬಾಲ್ಯವೂ ಹೀಗೆಯೇ ಕಳೆಯಿತು. ಚಾಲಕನು ಗಾಡಿಯ ಮುಂದೆ ನಿಂತು ಹಿಡಿಯನ್ನು ಎಳೆಯಬೇಕು. ಪಿಸ್ಟನ್ನು ಮೇಲೇರುವ ಮುನ್ನವೇ ಕಿಡಿ ಹಾರಿತೆಂದರೆ ಎಂಜಿನ್ನು ಹಿಂದಕ್ಕೆ ಒದೆಯುವುದು. ಮಣಿಕಟ್ಟು ಮುರಿದವರು ಹಲವರು.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಮಾದರಿಯ ಕ್ಯಾಡಿಲ್ಯಾಕ್ ಗಾಡಿಗಳಲ್ಲಿ ಬಂದಿತು. ಆದರೂ ಹಿಡಿ ಒಡನೆಯೇ ಮರೆಯಾಗಲಿಲ್ಲ. 1945ರಿಂದ 1949ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ತಯಾರಾದ ಎಂ.ಜಿ. ಟಿ.ಸಿ. ಎಂಬ, ಇಬ್ಬರು ಕೂರುವ ಸ್ಪೋರ್ಟ್ಸ್ ಕಾರಿಗೆ ಸ್ಟಾರ್ಟರೂ ಉಂಟು, ಹಿಡಿಯೂ ಉಂಟು.

ಇಂಥ ಗಾಡಿಯ ಜೀರ್ಣೋದ್ಧಾರ ಮುಗಿದು, ಬಣ್ಣ ಮಿರುಗುತ್ತಿದ್ದರೂ ಎಂಜಿನ್ನು ಮೌನವಾಗಿರುವುದು ಅಪರೂಪವಲ್ಲ. ಆಗ ಅವಸರದಿಂದ ಹಳೆಯ ಭಾಗಗಳನ್ನು ಕಿತ್ತೆಸೆಯುವವರುಂಟು. ಪದ್ಯದ ಅರ್ಥ ಹೊಳೆಯದಾಗ ನಾವು ಪದವನ್ನು ತಿದ್ದುವೆವೇ? ಇಲ್ಲ, ಮೊದಲು ಅನ್ವಯ ಮಾಡಿಕೊಳ್ಳುತ್ತೇವೆ. ಎಂಜಿನ್ನಿಗೂ ಅನ್ವಯವುಂಟು: ತಿರುಗುವ ಬಲ, ಕಿಡಿ, ಪೆಟ್ರೋಲು.

ಈ ಅನ್ವಯಕ್ಕೆ ಕೀಲಿಕೈ ಆ ಹಳೆಯ ಹಿಡಿಯೇ. ಹಿಡಿಗೆ ಹೊರಟ ಎಂಜಿನ್ನು ಸ್ಟಾರ್ಟರಿಗೆ ಹೊರಡದಿದ್ದರೆ, ಎಂಜಿನ್ನು ನಿರ್ದೋಷಿ. ಬ್ಯಾಟರಿ, ತಂತಿ, ಸ್ಟಾರ್ಟರುಗಳನ್ನು ನೋಡಬೇಕು. ಇಲ್ಲಿ ಒಂದು ವಿನೋದವುಂಟು. ಬ್ಯಾಟರಿಯ ಒಂದು ತಂತಿಯನ್ನು ಗಾಡಿಯ ಕಬ್ಬಿಣಕ್ಕೇ ಬಿಗಿದಿರುತ್ತಾರೆ. ಆ ಜಾಗಕ್ಕೆ ಹಚ್ಚಿದ ಹೊಸ ಬಣ್ಣವೇ ವಿದ್ಯುತ್ತನ್ನು ತಡೆಯುತ್ತದೆ! ಅಷ್ಟು ಜಾಗದ ಬಣ್ಣ ಕೆರೆದರೆ ಸಾಕು. ಟಿ.ಸಿ. ಗಾಡಿಯಲ್ಲಿ ಹೀಗೆ ಬಿಗಿಯುವುದು ಧನ ತುದಿಯನ್ನು. ಇಂದಿನ ರೂಢಿಯಂತೆ ಋಣ ತುದಿಯನ್ನಲ್ಲ. ಇದನ್ನು ಮರೆಯಬಾರದು.

ಹಿಡಿಗೂ ಹೊರಡದಿದ್ದರೆ ಕಿಡಿಯನ್ನು ನೋಡಬೇಕು. ಬಹುಕಾಲ ನಿಂತ ಗಾಡಿಯಲ್ಲಿ ಕಿಡಿ ಹುಟ್ಟಿಸುವ ಪಾಯಿಂಟುಗಳ ಮೇಲೆ ಕಿಲುಬು ಕಟ್ಟಿರುತ್ತದೆ. ಕಿಡಿ ಸರಿಯಿದ್ದರೆ ಕಿವಿಗೊಡಿ: ಕೀಲಿ ತಿರುಗಿಸಿದೊಡನೆ ಪೆಟ್ರೋಲು ಪಂಪು ಟಿಕ್ ಟಿಕ್ ಎಂದು ಸದ್ದು ಮಾಡಿ, ಕಾರ್ಬುರೇಟರು ತುಂಬಿದ ಮೇಲೆ ಸುಮ್ಮನಾಗಬೇಕು. ಸದ್ದೇ ಇಲ್ಲದಿದ್ದರೆ ಪಂಪು ಹಿಡಿದುಕೊಂಡಿದೆ, ಇಲ್ಲವೆ ಅದಕ್ಕೆ ವಿದ್ಯುತ್ತು ತಲಪಿಲ್ಲ. ಸದ್ದು ನಿಲ್ಲದಿದ್ದರೆ ಟಾಂಕಿ ಬರಿದು, ಇಲ್ಲವೆ ಎಲ್ಲೋ ಸೋರಿಕೆ.

ಸವೆದ ಬುಷ್‌ಗಳಿಂದ ಕಿಡಿಯ ಕಾಲ ತಪ್ಪುವುದೂ ಉಂಟು. ಬುಷ್ ಕಡೆಯುವುದು ಲೇತಿನ ಕೆಲಸ. 1941ರಲ್ಲಿ ನಮ್ಮ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳಿಗೇ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿದರೂ ಆ ವಿದ್ಯೆ ಅಳಿಯಬಾರದು. ಬಿಡಿಭಾಗ ದೊರೆಯದ ಗಾಡಿಗೆ ಲೇತು ಬಲ್ಲ ಕೈಯೇ ಆಸರೆ.

ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನು ನೋಡುವಾಗ, ಮುಂಭಾಗದಲ್ಲಿ ಹಿಡಿ ತೂರಿಸುವ ರಂಧ್ರವನ್ನು ಹುಡುಕಿರಿ. ಹೊಸದು ಕೈಕೊಟ್ಟಾಗ ದೋಷವೆಲ್ಲಿದೆಯೆಂದು ಹೇಳಲು ಹಿಂದಿನವರು ಉಳಿಸಿಕೊಂಡ ದಾರಿ ಅದು.